ಎಪ್ಪತ್ತೊಂದನೇ ಬಾಟಲಿ

ಉಪ್ಪುನೀರಿನ ಹಬೆ ಎಳೆದುಕೊಳ್ಳಿ ಅಮ್ಮಾ,
ಹತ್ತು ನಿಮಿಷ. ಆಮೇಲೆ ಜೋರಾಗಿ ಕೆಮ್ಮಿ.
ಗಂಟಲಿನದ್ದು ಬೇಡ, ಎಂಜಲು ಬೇಡ,
ಎದೆಯ ತಳದ್ದು ಬೇಕು.

ದಿನಕ್ಕೆ ಆರು ಸಲ ಇದನ್ನೇ ಹೇಳುತ್ತೇನೆ,
ಶಿವಮೊಗ್ಗದ ಆಸ್ಪತ್ರೆಯೊಂದರ ಮೂರನೇ ಮಹಡಿಯಲ್ಲಿ.
ಕಿಟಕಿಯಾಚೆ ಖಾಲಿ ಸೈಟು,
ಸೈಟಿನ ತುಂಬ ಕಾಂಗ್ರೆಸ್ ಗಿಡದ ಬಿಳಿ ಹೂ.
ಬಾಟಲಿಯ ಮೇಲೆ ಹೆಸರಿಲ್ಲ, ನಂಬರು ಮಾತ್ರ.

ಬೇಕರಿಯ ಲೋಬೊ ಅಣ್ಣತಮ್ಮಂದಿರು ಬಂದಿದ್ದರು,
ಅವಳಿ. ಒಬ್ಬ ಮೈದಾಹಿಟ್ಟಿನಲ್ಲೇ ಹುಬ್ಬು ಬಿಳುಪಾದವನು,
ಇನ್ನೊಬ್ಬ ಹೊಸನಗರದ ಬಸ್ಸಿನ ಕಂಡಕ್ಟರು.
ಅಪ್ಪನ ಭಟ್ಟಿಯ ಪಾಲಿಗೆ ಜಗಳವಾಗಿ ಹನ್ನೊಂದು ವರ್ಷ ಮಾತಿಲ್ಲ.
ಒಂದೇ ಬೆಂಚಿನ ಎರಡು ತುದಿಗೆ ಕೂತು ಕೆಮ್ಮಿದರು.
ಫಲಿತಾಂಶ ಬಂದಾಗ
ಇಬ್ಬರ ಶ್ವಾಸನಾಳದಲ್ಲೂ ಅದೇ ಸಂಸಾರ:
ಹೀಮೋಫಿಲಸ್ ಜಾಸ್ತಿ, ಪ್ರಿವೊಟೆಲ್ಲ ಕಮ್ಮಿ.
ಮಾತು ಬಿಟ್ಟವರ ಎದೆಯೊಳಗೆ
ಬಳಕೆ ಬಿಡದ ಒಕ್ಕಲು.

ನಾಡಿಗ್ ಡಾಕ್ಟ್ರು ಹೇಳುತ್ತಾರೆ:
ಜೀನು ಹಣೆಬರಹ ಅಲ್ಲ ಶಹತಾಜ್, ಇಳಿಜಾರು.
ಕಫ ಎಷ್ಟು ಅಂಟು, ಗೋಡೆ ಎಷ್ಟು ಸೋರುತ್ತೆ,
ಯಾರನ್ನ ಕಂಡರೆ ಕಾವಲು ಕೆರಳುತ್ತೆ,
ಅಷ್ಟನ್ನ ಅದು ತೀರ್ಮಾನಿಸುತ್ತೆ, ಅದೂ ಪೂರ್ತಿ ಅಲ್ಲ.
ಧೂಳಿದೆ, ಹೊಗೆಯಿದೆ, ನುಂಗಿದ ಮಾತ್ರೆಗಳಿವೆ.
ಬರುವವರು ಬರುತ್ತಾರೆ, ಹೊಂದಿದವರು ಉಳಿಯುತ್ತಾರೆ.
ಬಾಡಿಗೆ ಮನೆ ಇದ್ದ ಹಾಗೆ, ಅಂದರು.

ನಾನು ನಗಲಿಲ್ಲ.

ಹೋದ ಮೇ ತಿಂಗಳು ಹದಿನಾಲ್ಕು ಮನೆ ನೋಡಿದೆ.
ಫೋನಿನಲ್ಲಿ ಖಾಲಿ ಇದ್ದದ್ದು
ಗೇಟಿನ ಹತ್ತಿರ ನಿಂತು ಹೆಸರು ಹೇಳುವಷ್ಟರಲ್ಲಿ
ತುಂಬಿಹೋಗಿರುತ್ತಿತ್ತು.
ವಿನೋಬನಗರದ ಒಬ್ಬಾಕೆ ಮಾತ್ರ ಸುಳ್ಳು ಹೇಳಲಿಲ್ಲ.
ಮೆಟ್ಟಿಲಿಳಿದು, ಕಂಬಿ ಹಿಡಿದು, ಸುಯ್ಯನೆ ಉಸಿರೆಳೆದು,
'ನೀನು ಒಳ್ಳೆಯವಳೇ ಇರಬಹುದು ಮಗಾ,
ನಮ್ಮನೆಗೆ ಆಗಿಬರಲ್ಲ' ಅಂದರು.
ಬೈಗುಳ ಮರೆಯಬಹುದು. ಇದು ಬೈಗುಳವೂ ಅಲ್ಲ.
ಮಾತಿನ ಸಂದಿಯಲ್ಲಿ ಒಂದು ಸಿಳ್ಳೆ ಕೇಳಿತ್ತು,
ಚಳಿಗಾಲದ ರಾತ್ರಿ ನನ್ನೆದೆ ಹಾಕುವಂಥದೇ ಸಿಳ್ಳೆ.

ಇವತ್ತು ಅವರೇ ಎಪ್ಪತ್ತೊಂದು.
ಅನಸೂಯಮ್ಮ, ಅರವತ್ತೆರಡು, ಮದುವೆಯ ವರ್ಷದಿಂದ ಉಬ್ಬಸ.
ನನ್ನ ಬಿಲ್ಲೆಯ ಮೇಲಿನ ಹೆಸರು ಓದಿದರು.
ಗುರುತು ಸಿಕ್ಕಿತೋ ಇಲ್ಲವೋ,
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಬಹಳ ಹೊತ್ತು.
ಹಬೆ ಎಳೆದರು. ಕೆಮ್ಮಿದರು.
ಕಫ ಕಾಣದಂತೆ ಮುಷ್ಟಿಯಲ್ಲಿ ಮುಚ್ಚಿ
ಬಾಟಲಿ ನನ್ನ ಕೈಗಿಟ್ಟರು. ಬೆಚ್ಚಗಿತ್ತು.

ಮೂರು ವಾರದ ಮೇಲೆ ಪರದೆಯಲ್ಲಿ
ಹನ್ನೆರಡು, ಎಪ್ಪತ್ತೊಂದು: ಒಂದೇ ಕೊಂಬೆ.
ಹನ್ನೆರಡು ನಾನು.
ಹದಿನೇಳನೇ ಕ್ರೋಮೋಸೋಮಿನ ಅದೇ ಜಾಗದಲ್ಲಿ ಅದೇ ಅಕ್ಷರ,
ಅದೇ ಅಂಟು, ಅದೇ ಬಾಡಿಗೆದಾರರು.
ಹಿಗ್ಗಬೇಡ, ಆ ಅಕ್ಷರ ಊರಲ್ಲಿ ಬೇಕಾದಷ್ಟು ಜನಕ್ಕಿದೆ,
ಡಾಕ್ಟ್ರು ಎಚ್ಚರಿಸಿದರು.
ಇರಲಿ.
ಯಾವ ಕಾಲದ ಯಾವ ಮುತ್ತಜ್ಜಿ
ಯಾವ ಘಟ್ಟ ಹತ್ತುತ್ತ ಏದುಸಿರಲ್ಲಿ ಹೊತ್ತು ತಂದಳೋ,
ಯಾವ ಹೆಸರಿಂದ ಅವಳನ್ನು ಕರೆಯುತ್ತಿದ್ದರೋ.

ಹೇಳುವ ಹಾಗಿಲ್ಲ. ಕಾಗದಕ್ಕೆ ಸಹಿ ಹಾಕಿದ್ದೇನೆ.

ಇನ್‌ಹೇಲರ್ ತಗೊಂಡು ಹೋಗಲು ಬಂದರು.
ಬಾಯಿಗಿಟ್ಟು ಒತ್ತಿದರೆ ಅರ್ಧ ಮದ್ದು ಮೂಗಿನ ಮುಂದೆ ಹೊಗೆಯಾಯಿತು.
ಹಾಗಲ್ಲಮ್ಮ.
ಮೊದಲು ಒಳಗಿರೋದನ್ನ ಹೊರಗೆ ಬಿಡಿ. ಪೂರ್ತಿ.
ಈಗ ಒತ್ತಿ, ಮೆಲ್ಲಗೆ ಎಳೀರಿ, ಹಿಡಿದುಕೊಳ್ಳಿ.
ನಾನು ಬೆರಳಲ್ಲಿ ಎಣಿಸುತ್ತೇನೆ, ಹತ್ತರವರೆಗೆ.

ಅವರ ಕಣ್ಣು ನನ್ನ ಬೆರಳ ಮೇಲೆ.
ಏಳನೇ ಬೆರಳಿಗೆ ಗೊತ್ತಾಯಿತು
ನಾನೂ ಉಸಿರು ಹಿಡಿದಿದ್ದೆ.

ಬಾಯಿ ಮುಕ್ಕಳಿಸೋದು ಮರೀಬೇಡಿ, ಅಂದೆ.